ಕಕ್ಕಬ್ಬೆಯ ಹೋಂಸ್ಟೇಯಲ್ಲಿ ಹಳೆಯ ಶಿಪ್‌ಮೇಟ್‌ಗಳ ಮೂರು ರಾತ್ರಿ

ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆಗೆ ಹೋಗುವ ದಾರಿಯಲ್ಲಿ ಮುಖ್ಯರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ಹೋದರೆ ಕಾಫಿ ತೋಟದ ನಡುವೆ ಸಿಗುವ ಒಂದು ಹೋಂಸ್ಟೇಯಲ್ಲಿ, ಕಳೆದ ಡಿಸೆಂಬರ್ 3ರಿಂದ 6ರವರೆಗೆ, ನಾವು ಹನ್ನೊಂದು ಮಂದಿ ನಿವೃತ್ತ ನಾವಿಕರು ಉಳಿದುಕೊಂಡಿದ್ದೆವು. ನಾಲ್ವರ ಜೊತೆ ಅವರ ಪತ್ನಿಯರೂ ಬಂದಿದ್ದರು. ನಾವೆಲ್ಲರೂ ಒಂದಲ್ಲ ಒಂದು ಅವಧಿಯಲ್ಲಿ ಐಎನ್‌ಎಸ್ ಮೈಸೂರು ಎಂಬ ಹಳೆಯ ಕ್ರೂಸರ್ ಹಡಗಿನಲ್ಲಿ ದುಡಿದವರು. ಮನೆಯವರ ಬಳಿ ಇರುವುದು ಐದು ಕೋಣೆ ಮತ್ತು ಅಟ್ಟದ ಮೇಲಿನ ಒಂದು ಉದ್ದನೆಯ ಹಾಲ್ ಮಾತ್ರ. ಪರಿಚಯಸ್ಥರ ಮೂಲಕ ಬಂದವರಿಗಷ್ಟೇ ಕೊಡುವ ಪದ್ಧತಿ ಇಟ್ಟುಕೊಂಡಿರುವುದರಿಂದ ಹೆಸರನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ, ಆ ಮಾತಿಗೆ ನಾನು ಬದ್ಧನಾಗಿದ್ದೇನೆ. ಆದರೂ ತಮ್ಮ ಹಡಗಿನ ಅಥವಾ ಪಲ್ಟಣದ ಹಳೆಯ ಸಂಗಾತಿಗಳನ್ನು ಕೊಡಗಿಗೆ ಕರೆಸಬೇಕೆಂದು ಯೋಚಿಸುತ್ತಿರುವವರಿಗೆ, ಎಂಥ ಜಾಗ ಒಗ್ಗುತ್ತದೆ, ಯಾವುದನ್ನು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು ಎಂಬುದು ಈ ಬರಹದಿಂದ ತಿಳಿಯಲೆಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಹಡಗಿನ ಬಗ್ಗೆ ಮೊದಲು ಸ್ವಲ್ಪ ಹೇಳಬೇಕು, ಏಕೆಂದರೆ ಆ ಮನೆಯಿಂದ ನಾವು ಬಯಸಿದ್ದೇನು ಎಂಬುದು ಅಲ್ಲಿಂದಲೇ ಅರ್ಥವಾಗುತ್ತದೆ. 1939ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದು, ಎಚ್‌ಎಂಎಸ್ ನೈಜೀರಿಯಾ ಎಂಬ ಹೆಸರಿನಲ್ಲಿ ಎರಡನೇ ಮಹಾಯುದ್ಧವನ್ನು ಕಂಡ ಈ ಕ್ರೂಸರ್, 1957ರಲ್ಲಿ ಐಎನ್‌ಎಸ್ ಮೈಸೂರು ಆಗಿ ನಮ್ಮ ನೌಕಾಪಡೆಯನ್ನು ಸೇರಿತು. ಟರೆಟ್ ಎಂಬ ಒಂದೊಂದು ತಿರುಗುವ ಫಿರಂಗಿ ಗೋಪುರದಲ್ಲಿ ಮೂರರಂತೆ 6 ಇಂಚಿನ ಒಂಬತ್ತು ಫಿರಂಗಿಗಳನ್ನು ಹೊತ್ತಿದ್ದ ಅದು 1971ರ ಯುದ್ಧದಲ್ಲಿ ರಿಯರ್ ಅಡ್ಮಿರಲ್ ಇ. ಸಿ. ಕುರುವಿಲ್ಲ ಅವರ ನೇತೃತ್ವದ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ಕೊನೆಯ ವರ್ಷಗಳಲ್ಲಿ ಕೆಡೆಟ್‌ಗಳ ತರಬೇತಿಗೆ ಬಳಕೆಯಾಗಿ, 1985ರ ಆಗಸ್ಟ್ 20ರಂದು ಸೇವೆಯಿಂದ ನಿವೃತ್ತವಾಯಿತು. ಶನಿವಾರಸಂತೆ ಕಡೆಯ ಹುಡುಗನಾದ ನಾನು ವಿಶಾಖಪಟ್ಟಣದಲ್ಲಿ ಬಾಯ್, ಅಂದರೆ ಎಳೆಯ ತರಬೇತಿ ನಾವಿಕನಾಗಿ ಸೇರಿ, ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಕೆಲಸ ಕಲಿತು, 1981ರಿಂದ 1984ರವರೆಗೆ ಅದರ ಬಾಯ್ಲರ್ ಕೋಣೆಯಲ್ಲಿ ಬೆಂಕಿ ನೋಡಿಕೊಳ್ಳುವ ಸ್ಟೋಕರ್ ಆಗಿದ್ದೆ. ಕೊಡಗಿನಲ್ಲಿ ಸೈನ್ಯಕ್ಕೆ ಹೋದವರು ಮನೆಮನೆಯಲ್ಲೂ ಸಿಗುತ್ತಾರೆ. ಆದರೆ ಹಡಗಿನ ಮಾತನ್ನು ಮಾತನಾಡಲು ನನಗೆ ಊರಿನಲ್ಲಿ ಜೊತೆ ಸಿಕ್ಕಿದ್ದು ಕಡಿಮೆ. ಆರು ವರ್ಷಗಳ ಹಿಂದೆ ಮೈಸೂರು ನಗರದಲ್ಲಿ ನಿವೃತ್ತ ಸೈನಿಕರಿಗಿರುವ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಔಷಧಿಗಾಗಿ ಸಾಲಿನಲ್ಲಿ ನಿಂತಿದ್ದಾಗ, ಮುಂದೆ ನಿಂತಿದ್ದವರು ಯಾರಿಗೋ ಫೋನಿನಲ್ಲಿ ಬಾಯ್ಲರ್ ಕೋಣೆಯ ಏರ್‌ಲಾಕ್ ಬಗ್ಗೆ ಹೇಳುತ್ತಿರುವುದು ಕಿವಿಗೆ ಬಿತ್ತು. ಧ್ವನಿ ಗುರುತು ಹತ್ತಿತು, ಮುಖ ಹತ್ತಲಿಲ್ಲ. ಅವರಿಂದ ಇನ್ನೊಬ್ಬರು, ಇನ್ನೊಬ್ಬರಿಂದ ಮತ್ತಿಬ್ಬರು ಎಂದು ಕೂಡುತ್ತಾ ಕೊಲ್ಲಂ, ರತ್ನಾಗಿರಿ, ರೋಹ್ಟಕ್, ವಿಶಾಖಪಟ್ಟಣಗಳಲ್ಲಿ ಚದುರಿಹೋಗಿದ್ದವರು ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದೆವು. ಎಲ್ಲರೂ ಒಮ್ಮೆ ಸೇರೋಣ ಎಂದಾಗ, ಊರು ಹುಡುಕುವ ಹೊಣೆ ಕೊಡಗಿನವನೆಂಬ ಕಾರಣಕ್ಕೆ ನನ್ನ ಮೇಲೆ ಬಿತ್ತು.

ಮಡಿಕೇರಿ ಮತ್ತು ಸಿದ್ದಾಪುರದ ಕಡೆ ಮೂರು ರೆಸಾರ್ಟ್‌ಗಳನ್ನು ನಾನು ಮೊದಲು ನೋಡಿ ಬಂದೆ. ಕೋಣೆಗಳು ಅಚ್ಚುಕಟ್ಟಾಗಿದ್ದವು, ಕಿಟಕಿಯಿಂದ ಕಾಣುವ ನೋಟವೂ ಚೆನ್ನಾಗಿತ್ತು. ಆದರೆ ಊಟದ ಮನೆಯಲ್ಲಿ ಎಲ್ಲ ಕಡೆ ನಾಲ್ಕು ಕುರ್ಚಿಯ ಮೇಜುಗಳು. ರಾತ್ರಿ ಒಂಬತ್ತೂವರೆಗೆ ಅಡುಗೆಮನೆಯ ಬಾಗಿಲು ಹಾಕುತ್ತಾರೆ. ಕುಟೀರಗಳು ಒಂದಕ್ಕೊಂದು ದೂರ ಇರುವುದರಿಂದ ಕತ್ತಲಾದ ಮೇಲೆ ಒಬ್ಬರು ಇನ್ನೊಬ್ಬರ ಬಳಿಗೆ ಹೋಗಬೇಕಾದರೆ ಕೈಯಲ್ಲಿ ಟಾರ್ಚ್ ಹಿಡಿದು ಕಾವಲುಗಾರನನ್ನು ಕರೆಯಬೇಕು. ಆನೆ ಓಡಾಡುವ ಸೀಮೆಯಲ್ಲಿ ಆ ಎಚ್ಚರಿಕೆ ಬೇಕಾದದ್ದೇ. ಮಧುಚಂದ್ರಕ್ಕೆ ಬಂದವರಿಗೆ ಇಂಥ ಏಕಾಂತ ಹಿತವೆನಿಸಬಹುದು. ನಲವತ್ತು ವರ್ಷದ ನಂತರ ಒಟ್ಟಿಗೆ ಕೂರಲು ಬಂದವರನ್ನು ಅದು ಮತ್ತೆ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಡುತ್ತದೆ. ನನಗೆ ಬೇಕಿದ್ದದ್ದು ಎರಡೇ ಸೌಕರ್ಯ: ಹದಿನೈದು ಮಂದಿ ಒಟ್ಟಿಗೆ ಕೂರಬಹುದಾದ ಒಂದೇ ಮೇಜು, ಮತ್ತು ಹೊತ್ತಲ್ಲದ ಹೊತ್ತಿನಲ್ಲೂ ಒಂದು ಲೋಟ ಬಿಸಿ ಕಾಫಿ ಕೊಡುವ ಅಡುಗೆಮನೆ. ಕಕ್ಕಬ್ಬೆಯ ಈ ಮನೆಯಲ್ಲಿ ಎರಡೂ ಸಿಕ್ಕವು.

ಮನೆ ಹಳೆಯ ಐನ್‌ಮನೆಯ ಮಾದರಿಯದು. ಮುಂದೆ ಕಾಫಿ ಒಣಗಿಸುವ ಕಣ, ಮೆಟ್ಟಿಲು ಹತ್ತಿದರೆ ಜಗಲಿ, ಜಗಲಿಯ ಕಂಬಗಳ ನಡುವೆ ಐಮರ ಎಂದು ಕರೆಯುವ ಅಗಲವಾದ ಮರದ ಹಲಗೆ, ಒಳಗೆ ದೀಪ ತೂಗುವ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ. ಗೋಡೆಯ ಮೇಲೆ ಮನೆಯ ಹಿರಿಯರೊಬ್ಬರು ಸೈನ್ಯದಲ್ಲಿದ್ದಾಗಿನ ಫೋಟೋಗಳಿವೆ. ಊಟದ ಮೇಜು ಹಲಸಿನ ಮರದ್ದು. ಮನೆಯಲ್ಲಿ ಮದುವೆ ಕಾರ್ಯಗಳಿಗೆಂದು ಮಾಡಿಸಿದ್ದಂತೆ, ಹದಿನಾರು ಮಂದಿ ಮೊಣಕೈ ತಾಗದೆ ಕೂರಬಹುದು. ಮುಖ್ಯರಸ್ತೆಯಿಂದ ಇಲ್ಲಿಗೆ ಬರುವ ಎರಡು ಕಿಲೋಮೀಟರ್ ದಾರಿ ಮಾತ್ರ ಕೆಟ್ಟದ್ದು. ಕಲ್ಲು ಎದ್ದಿದೆ, ಒಂದು ತಿರುವಿನಲ್ಲಿ ಸಣ್ಣ ಕಾರುಗಳ ತಳ ತಾಗುತ್ತದೆ. ಕಣ್ಣೂರಿನಲ್ಲಿ ಇಳಿದು ಮಾಕುಟ್ಟ ಘಾಟಿಯ ಮೂಲಕ ವಿರಾಜಪೇಟೆಗೆ ಬಂದ ನಮ್ಮ ಕೊಲ್ಲಂನವರ ಬಾಡಿಗೆ ಕಾರು ಆ ತಿರುವಿನಲ್ಲೇ ನಿಂತಾಗ ಮನೆಯ ಯಜಮಾನರು ಜೀಪ್ ಕಳುಹಿಸಿ ಕರೆತಂದರು, ಅದಕ್ಕೆ ಪ್ರತ್ಯೇಕ ಹಣ ಕೇಳಲಿಲ್ಲ. ಆದರೂ ಸೊಂಟ ನೋವಿನವರು ಬರುವುದಾದರೆ ಜೀಪನ್ನು ಮೊದಲೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ದಿನದ ತೊಂದರೆ ಮಲಗುವ ವ್ಯವಸ್ಥೆಯಲ್ಲಿ ಎದುರಾಯಿತು, ಅದರಲ್ಲಿ ನನ್ನ ತಪ್ಪೂ ಇತ್ತು. ದಂಪತಿಗಳಿಗೆ ನಾಲ್ಕು ಕೋಣೆ, ಹಿರಿಯರಿಗೆ ಒಂದು ಕೋಣೆ, ಉಳಿದ ಆರು ಮಂದಿಗೆ ಅಟ್ಟದ ಹಾಲ್‌ನಲ್ಲಿ ಆರು ಮಂಚ ಎಂದು ಲೆಕ್ಕ ಹಾಕಿದ್ದೆ. ಅಟ್ಟಕ್ಕೆ ಹತ್ತುವ ಮರದ ಮೆಟ್ಟಿಲು ಎಷ್ಟು ಕಡಿದಾಗಿದೆ ಎಂಬುದನ್ನು ನಾನು ಫೋನಿನಲ್ಲಿ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಒಂದು ಕಾಲದಲ್ಲಿ ಹಡಗಿನ ಕಬ್ಬಿಣದ ಏಣಿಗಳನ್ನು ಕೈಯಲ್ಲಿ ಟೀ ಕೆಟಲ್ ಹಿಡಿದುಕೊಂಡೇ ಇಳಿಯುತ್ತಿದ್ದವರಲ್ಲಿ ಮೂವರಿಗೆ ಈಗ ಮಂಡಿ ಬಗ್ಗುವುದಿಲ್ಲ. ಒಬ್ಬರಿಗೆ ಎರಡೂ ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆ. ಅವರು ಆ ರಾತ್ರಿ ನಡುಬಾಡೆಯ ಪಕ್ಕದ ಕೂರುವ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಬೇಕಾಯಿತು. ಮರುದಿನ ಬೆಳಿಗ್ಗೆ ನಾವು ತಿಂಡಿ ತಿಂದು ಏಳುವಷ್ಟರಲ್ಲಿ, ಮನೆಯ ಯಜಮಾನರು ತೋಟದ ಇಬ್ಬರು ಕೆಲಸಗಾರರನ್ನು ಕರೆದು ಆರೂ ಮಂಚಗಳನ್ನು ಕೆಳಗಿಳಿಸಿ, ಕೂರುವ ಕೋಣೆಯ ಸೋಫಾಗಳನ್ನು ಜಗಲಿಗೆ ಸಾಗಿಸಿ, ಎರಡು ಸಾಲಾಗಿ ಜೋಡಿಸಿಬಿಟ್ಟಿದ್ದರು. ನಾವು ಕೇಳಿರಲಿಲ್ಲ.

ಮಂಚದ ಆ ಎರಡು ಸಾಲು ನೋಡಿದೊಡನೆ ಒಳಗೆ ಬಂದವರೆಲ್ಲ ಮಾತು ನಿಲ್ಲಿಸಿದರು. ನಮ್ಮ ಹಡಗಿನ ಮೆಸ್ ಡೆಕ್‌ನಲ್ಲಿ, ಅಂದರೆ ನಾವಿಕರು ಉಣ್ಣುವ, ಮಲಗುವ ಅಂತಸ್ತಿನಲ್ಲಿ, ಮಲಗುತ್ತಿದ್ದದ್ದು ಹ್ಯಾಮಕ್ ಎಂಬ ತೂಗುಹಾಸಿಗೆಯಲ್ಲಿ. ಸಂಜೆ ತೊಲೆಯ ಕೊಕ್ಕೆಗೆ ಕಟ್ಟಬೇಕು, ಬೆಳಿಗ್ಗೆ ಬಿಚ್ಚಿ ಹಗ್ಗದಿಂದ ಬಿಗಿದು ಜಾಗಕ್ಕೆ ಇಡಬೇಕು. ಅದೇ ಮೇಜು ಊಟಕ್ಕೆ, ಅದೇ ಮೇಜು ಕಾಗದ ಬರೆಯಲಿಕ್ಕೆ, ಅದರ ಮೇಲೆಯೇ ಹ್ಯಾಮಕ್‌ಗಳು ತೂಗುತ್ತಿದ್ದವು. ಪಕ್ಕದವನ ಕೆಮ್ಮು, ಅವನ ಊರಿನ ಕಾಗದ, ಅವನ ತಂಗಿಯ ಮದುವೆಗೆ ಹಣ ಸಾಲದ ಚಿಂತೆ, ಯಾವುದೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಕೋಣೆ ಪಡೆದಿದ್ದ ದಂಪತಿಗಳಲ್ಲಿ ಇಬ್ಬರು ಗಂಡಸರು ಅದೇ ಮಧ್ಯಾಹ್ನ ತಮ್ಮ ದಿಂಬು ಹೊದಿಕೆ ಹೊತ್ತುಕೊಂಡು ಹಾಲ್‌ಗೆ ಬಂದರು, ಅವರ ಪತ್ನಿಯರಿಬ್ಬರು ಒಂದೇ ಕೋಣೆಯಲ್ಲಿ ಉಳಿದುಕೊಳ್ಳುವುದಾಗಿ ತಾವೇ ಹೇಳಿದರು. ಮನೆಯವರು ಇನ್ನೆರಡು ಮಂಚ ತಂದು ಹಾಕಿದರು. ಹೀಗೆ ಹೊಂದಿಕೊಳ್ಳುವ ಮನಸ್ಸಿನ ಮನೆಯವರು ಸಿಗುವುದು ಕಷ್ಟ. ಬೇರೆ ಕಡೆಯಾಗಿದ್ದರೆ ಒಂದು ಕುರ್ಚಿ ಸರಿಸಲೂ ಮ್ಯಾನೇಜರನ್ನು ಕೇಳಬೇಕಾಗಿತ್ತು.

ಅಡುಗೆಮನೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಈ ಮನೆಯ ಹೆಚ್ಚುಗಾರಿಕೆ ಅಲ್ಲಿದೆ. ಹಡಗಿನಲ್ಲಿ ದಿನವನ್ನು ವಾಚ್‌ಗಳಾಗಿ ಹಂಚುತ್ತಾರೆ. ನಾಲ್ಕು ನಾಲ್ಕು ಗಂಟೆಯ ಐದು ವಾಚ್, ಸಂಜೆ ನಾಲ್ಕರಿಂದ ಎಂಟರವರೆಗೆ ಎರಡೆರಡು ಗಂಟೆಯ ಎರಡು ಡಾಗ್ ವಾಚ್. ಹೀಗೆ ಏಳಾಗಿ ಬೆಸ ಸಂಖ್ಯೆ ಬರುವುದರಿಂದ ಒಬ್ಬನಿಗೇ ಪ್ರತಿದಿನ ನಡುರಾತ್ರಿಯ ಪಾಳಿ ಬೀಳುವುದಿಲ್ಲ. ಈ ಲೆಕ್ಕದಲ್ಲಿ ಹತ್ತು ಹದಿನೈದು ವರ್ಷ ಬದುಕಿದವರ ಮೈ ಅದನ್ನು ಮರೆಯುವುದಿಲ್ಲ. ಬೆಳಗಿನ ನಾಲ್ಕು ಗಂಟೆಯ ವಾಚ್‌ಗೆ ಕಾಲು ಗಂಟೆ ಮೊದಲು ಏಳಿಸುತ್ತಿದ್ದರು. ನನಗೆ ಇಂದಿಗೂ ಮೂರೂಮುಕ್ಕಾಲಿಗೆ ಎಚ್ಚರವಾಗುತ್ತದೆ. ಮನೆಯಲ್ಲಿ ಯಾರಿಗೂ ತೊಂದರೆ ಕೊಡಬಾರದೆಂದು ಸುಮ್ಮನೆ ಮಲಗಿರುತ್ತೇನೆ. ಕಕ್ಕಬ್ಬೆಯ ಮೊದಲ ರಾತ್ರಿ ಹಾಗೆ ಎಚ್ಚರವಾಗಿ ಮೆಲ್ಲಗೆ ಜಗಲಿಗೆ ಬಂದರೆ ಐಮರದ ಮೇಲೆ ಆಗಲೇ ನಾಲ್ವರು ಶಾಲು ಹೊದ್ದು ಕುಳಿತಿದ್ದರು. ಮನೆಯ ಹಿರಿಯ ಹೆಂಗಸು, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವರು, ಮಾತು ಕೇಳಿ ದೀಪ ಹಾಕಿ ಬಂದರು. ನಾವು ಎದ್ದು ನಿಂತು ಕ್ಷಮೆ ಕೇಳಿದೆವು. "ಇಷ್ಟು ಬೇಗ ಏಳ್ತೀರಿ ಅಂತ ಮೊದಲೇ ಹೇಳಬಾರದಿತ್ತಾ ಅಣ್ಣ, ಒಲೆ ಹಚ್ಚಿಡ್ತಿದ್ದೆ" ಎಂದರು. ಹತ್ತು ನಿಮಿಷದಲ್ಲಿ ಬೆಲ್ಲದ ಕಾಫಿ ಬಂತು. ಮರುದಿನ ರಾತ್ರಿಯಿಂದ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಲಿಲ್ಲ. ಎರಡು ದೊಡ್ಡ ಫ್ಲಾಸ್ಕ್‌ಗಳಲ್ಲಿ ಕಾಫಿ, ಪಕ್ಕದಲ್ಲಿ ಲೋಟ, ಒಂದು ಡಬ್ಬದಲ್ಲಿ ಬಿಸ್ಕತ್ತು ಇರುತ್ತಿತ್ತು.

ಕತ್ತಲಿನ ಆ ಮೂರು ಬೆಳಗಿನ ಜಾವಗಳಲ್ಲಿ ಆಡಿದ ಮಾತು ಹಗಲಿನಲ್ಲಿ ಆಡಲಾಗದ ಮಾತು. ಸಮುದ್ರದಲ್ಲಿದ್ದಾಗ ತಾಯಿ ತೀರಿಕೊಂಡ ಸುದ್ದಿಯನ್ನು ತನಗೆ ತಲುಪಿಸಿದ್ದು ಯಾರು ಎಂದು ಒಬ್ಬರು ಇಷ್ಟು ವರ್ಷ ಹುಡುಕುತ್ತಿದ್ದರು. ಆ ಸಂದೇಶವನ್ನು ಮೋರ್ಸ್‌ನಲ್ಲಿ ಕೇಳಿ ಬರೆದುಕೊಂಡ ರೇಡಿಯೋ ಆಪರೇಟರ್ ಎದುರಿಗೇ ಕುಳಿತಿದ್ದರು. ಕಾಗದವನ್ನು ಕೈಗೆ ಕೊಡುವ ಧೈರ್ಯವಾಗದೆ ಬೇರೊಬ್ಬರ ಕೈಯಲ್ಲಿ ಕಳುಹಿಸಿದ್ದೆ ಎಂದು ಅವರು ಅಂದು ಹೇಳಿದರು. ಬಳಿಕ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕಣದಲ್ಲಿ ಒಣಗುತ್ತಿದ್ದ ಕಾಫಿ ಹಣ್ಣಿನ ಹುಳಿವಾಸನೆ, ಮನೆಯ ಕೆಳಗಿನ ತೋಡಿನ ನೀರಿನ ಸದ್ದು ಎರಡೇ ಇದ್ದವು. ಆ ನೀರು ಎಲ್ಲಿಗೆ ಹೋಗುತ್ತದೆಂದು ವಿಶಾಖಪಟ್ಟಣದ ಸಿಗ್ನಲ್‌ಮನ್ ಕೇಳಿದರು. ಕಕ್ಕಬ್ಬೆ ಹೊಳೆಗೆ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ತಡಿಯಂಡಮೋಳ್ ಬೆಟ್ಟದ ಆಚೆ ಬದಿಗೆ ಬಿದ್ದ ಮಳೆ ಕೇರಳಕ್ಕಿಳಿದು ಅರಬ್ಬಿ ಸಮುದ್ರ ಸೇರುತ್ತದೆ ಎಂದು ಯಜಮಾನರು ಹೇಳಿದಾಗ, ಕೊಲ್ಲಂನವರು ಆ ಬೆಟ್ಟವನ್ನು ಬೆಳಕಾದ ಮೇಲೆ ತೋರಿಸಬೇಕೆಂದು ಕೇಳಿಕೊಂಡರು.

ಊಟದ ಬಗ್ಗೆ ದೂರಿಲ್ಲ, ಒಂದನ್ನು ಬಿಟ್ಟು. ಬೆಳಿಗ್ಗೆ ನೂಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ಒಟ್ಟಿ (ರೊಟ್ಟಿ), ಎಳ್ಳಿನ ಚಟ್ನಿ. ಮಧ್ಯಾಹ್ನ ಅನ್ನ, ಸಾರು, ಎರಡು ಪಲ್ಯ. ರಾತ್ರಿ ಕಡಂಬುಟ್ಟು (ಅಕ್ಕಿ ಕಡುಬು) ಜೊತೆ ಪಂದಿ ಕರಿ (ಹಂದಿ ಮಾಂಸದ ಸಾರು) ಅಥವಾ ಕೋಳಿ ಕರಿ. ಪಂದಿ ಕರಿ ಕಪ್ಪಗೆ, ಗಟ್ಟಿಯಾಗಿ, ಕಾಚಂಪುಳಿ ಎಂಬ ಕಪ್ಪು ಹುಳಿ ಸರಿಯಾದ ಹೊತ್ತಿಗೆ ಬಿದ್ದು ಬೆಂದಿತ್ತು. ನಮ್ಮ ಹೊಟ್ಟೆಯನ್ನು ನೋಡಿ ಖಾರ ಮತ್ತು ಕೊಬ್ಬನ್ನು ಕಡಿಮೆ ಮಾಡಿದ್ದರು. ರತ್ನಾಗಿರಿಯವರು ಹಡಗಿನ ಗ್ಯಾಲಿಯಲ್ಲಿ ಅಡುಗೆಯವರಾಗಿದ್ದವರು. ಒಲೆಯ ಮೇಲಿನ ಪಾತ್ರೆ ಅಲೆಗೆ ಜಾರದಂತೆ ಸುತ್ತ ಕಬ್ಬಿಣದ ಕಂಬಿ ಕಟ್ಟಿ, ನೂರಾರು ಮಂದಿಗೆ ಬೇಳೆ ಬೇಯಿಸಿದ ಕೈ ಅದು. ಸಮುದ್ರಕ್ಕೆ ಹೊರಟು ವಾರ ಕಳೆಯುವುದರೊಳಗೆ ಹಸಿ ತರಕಾರಿ ಮುಗಿದು ಆಲೂಗಡ್ಡೆ, ಈರುಳ್ಳಿ, ಡಬ್ಬದ ಪದಾರ್ಥಗಳ ಮೇಲೆ ದಿನ ದೂಡುವಾಗ, ಊರಿನಿಂದ ತಂದ ಕೋಕಂ ಸಿಪ್ಪೆ ಹಾಕಿ ಅವರು ಮಾಡುತ್ತಿದ್ದ ಸಾರಿಗೆ ನಾವು ಕಾಯುತ್ತಿದ್ದೆವು. ಕಾಚಂಪುಳಿಯ ಬಾಟಲಿ ಕಂಡದ್ದೇ ಅವರು ಅಡುಗೆಮನೆಗೆ ಹೋದರು. ಪಣಂಪುಳಿ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸುವ ಬಗೆಯನ್ನು ಅಕ್ಕ ಹೇಳಿದರು, ಕೋಕಂ ಅದೇ ಜಾತಿಯ ಮರವೆಂದು ಇವರು ಹೇಳಿದರು. ಒಬ್ಬರಿಗೆ ಮರಾಠಿ ಮತ್ತು ಹಡಗಿನ ಹಿಂದಿ, ಇನ್ನೊಬ್ಬರಿಗೆ ಕೊಡವ ಮತ್ತು ಕನ್ನಡ. ಆದರೂ ಒಂದು ತಾಸು ಮಾತು ಸಾಗಿತು. ಮೂರನೆಯ ದಿನ ಮಧ್ಯಾಹ್ನದ ಸಾರು ರತ್ನಾಗಿರಿಯವರದೇ. ಅತಿಥಿಯೊಬ್ಬರನ್ನು ತಮ್ಮ ಒಲೆಯ ಮುಂದೆ ನಿಲ್ಲಲು ಬಿಟ್ಟ ಅಡುಗೆಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಬಿಟ್ಟೆನೆಂದ ಆ ಒಂದು ದೂರು ಸಸ್ಯಾಹಾರದ್ದು. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು, ಅವರಿಗೆ ಮೂರು ರಾತ್ರಿಯೂ ಹೆಚ್ಚುಕಡಿಮೆ ಅದೇ ಹುರುಳಿಕಾಯಿ ಪಲ್ಯ ಮತ್ತು ಸಾಂಬಾರು ಬಂತು. ಹೇಳಿದ ಮೇಲೆ ಕೊನೆಯ ರಾತ್ರಿ ಕುಂಬಳಕಾಯಿ ಕರಿ ಸೇರಿಸಿದರು. ಕೊಡಗಿನ ಅಡುಗೆಯಲ್ಲಿ ಮಾಂಸವಿಲ್ಲದ ಒಳ್ಳೆಯ ಪದಾರ್ಥಗಳಿಗೆ ಕೊರತೆಯಿಲ್ಲ, ಆದ್ದರಿಂದ ಇದು ತಿದ್ದಿಕೊಳ್ಳಬಹುದಾದ ಲೋಪ. ಮದ್ಯವನ್ನು ಅವರು ಮಾರುವುದಿಲ್ಲ, ಅದು ಸರಿಯಾದದ್ದೇ. ಸೈನಿಕರ ಕ್ಯಾಂಟೀನ್‌ನಿಂದ ನಾವು ತಂದಿದ್ದ ರಂ ಅನ್ನು ಸಂಜೆ ಜಗಲಿಯಲ್ಲಿ ಒಂದೊಂದು ಪೆಗ್ ಕುಡಿಯಲು ಅಡ್ಡಿ ಹೇಳಲಿಲ್ಲ.

ಸ್ನಾನದ ಬಿಸಿನೀರು ಸೌದೆ ಬಾಯ್ಲರಿನಿಂದ ಬರುತ್ತದೆ. ಮನೆಯ ಹಿಂದೆ ಅದು ಉರಿಯುತ್ತಿರುವುದನ್ನು ಕಂಡ ನಾವು ಮೂವರು ಸ್ಟೋಕರ್‌ಗಳು ಅಲ್ಲಿಂದ ಬೇಗ ಕದಲಲಿಲ್ಲ. ಮೈಸೂರು ಹಡಗಿನ ಬಾಯ್ಲರ್ ಕೋಣೆಗೆ ಫ್ಯಾನ್‌ಗಳಿಂದ ಗಾಳಿ ಒತ್ತಿ ತುಂಬುತ್ತಿದ್ದುದರಿಂದ ಎರಡು ಬಾಗಿಲಿನ ಏರ್‌ಲಾಕ್ ದಾಟಿ ಒಳಗಿಳಿಯಬೇಕಿತ್ತು, ಕಿವಿ ಮುಚ್ಚಿಕೊಂಡಂತಾಗುತ್ತಿತ್ತು. ಬೆವರು ಹರಿದು ಹೋಗುತ್ತಿದ್ದುದರಿಂದ ಉಪ್ಪಿನ ಮಾತ್ರೆ, ನಿಂಬೆ ಪಾನಕ. ಎಣ್ಣೆ ಸರಿಯಾಗಿ ಉರಿಯದೆ ಚಿಮಣಿಯಲ್ಲಿ ಕಪ್ಪು ಹೊಗೆ ಕಾಣಿಸಿತೆಂದರೆ ಮೇಲಿನಿಂದ ಬೈಗುಳ ಬರುತ್ತಿತ್ತು, ಏಕೆಂದರೆ ಯುದ್ಧಕಾಲದಲ್ಲಿ ಆ ಹೊಗೆಯೇ ಶತ್ರುವಿಗೆ ಹಡಗಿನ ಗುರುತು. ಸಮುದ್ರದ ನೀರನ್ನು ಬಟ್ಟಿ ಇಳಿಸಿ ಮಾಡಿದ ಸಿಹಿನೀರು ಮೊದಲು ಬಾಯ್ಲರಿಗೆ. ಉಪ್ಪು ಸೇರಿದರೆ ಕೊಳವೆಯೊಳಗೆ ಪದರ ಕಟ್ಟಿ, ಕಾದು ಒಡೆಯುತ್ತದೆ. ನಮ್ಮ ಸ್ನಾನಕ್ಕೆ ಉಳಿದದ್ದು. ಮೈ ನೆನೆಸಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ತೆರೆದು ತೊಳೆಯುವ ಅಭ್ಯಾಸ ಎಲ್ಲರಲ್ಲೂ ಇನ್ನೂ ಇದೆ. ಹದಿನೈದು ಮಂದಿ ಸ್ನಾನ ಮಾಡಿದ ಮೇಲೂ ಟ್ಯಾಂಕಿನಲ್ಲಿ ಬಿಸಿನೀರು ಉಳಿದದ್ದನ್ನು ನೋಡಿ ಯಜಮಾನರಿಗೆ ನಂಬಿಕೆಯಾಗಲಿಲ್ಲ, ಯಾರಾದರೂ ಸ್ನಾನ ಮಾಡದೆ ಉಳಿದಿದ್ದಾರೆಯೇ ಎಂದು ಕೇಳಲು ಬಂದರು. ನೆಲ ಅಂತಸ್ತಿನಲ್ಲಿ ಕಮೋಡ್ ಇರುವ ಶೌಚಾಲಯಗಳು ಎರಡು ಮಾತ್ರ, ಗೋಡೆಗೆ ಹಿಡಿಕೆ ಇಲ್ಲ. ನಮ್ಮ ವಯಸ್ಸಿನವರಿಗೆ ಮನೆ ಕೊಡುವುದಾದರೆ ಹಿಡಿಕೆ ಹಾಕಿಸಲೇಬೇಕು. ಬರಹದಲ್ಲೂ, ಅವರಿಗೆ ನೇರವಾಗಿಯೂ ಇದನ್ನು ಹೇಳಿದ್ದೇನೆ.

ವಿದ್ಯುತ್ತಿನ ವಿಷಯದಲ್ಲಿ ಅವರು ತೋರಿದ ಕಾಳಜಿಗೆ ನಾನು ಋಣಿ. ರೋಹ್ಟಕ್‌ನಿಂದ ಬಂದಿದ್ದ ರೇಡಿಯೋ ಆಪರೇಟರ್‌ಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದ್ದು, ರಾತ್ರಿಯಿಡೀ ಸಿಪ್ಯಾಪ್ ಯಂತ್ರ ಹಾಕಿಕೊಂಡೇ ಮಲಗಬೇಕು. ಕರೆಂಟು ಹೋಗಿಬರುವ ಊರಿದು. ಇನ್ವರ್ಟರ್ ಇದೆಯೇ ಎಂದು ಮೊದಲೇ ಕೇಳಿದ್ದೆ, ಇದೆ ಎಂದಿದ್ದರು. ಆದರೆ ಅದರ ಲೈನ್ ದೀಪ ಮತ್ತು ಫ್ಯಾನುಗಳಿಗೆ ಮಾತ್ರ ಎಂಬುದು ಬಂದ ಮೇಲೆ ತಿಳಿಯಿತು. ಅದೇ ಸಂಜೆ ನಾಪೋಕ್ಲಿನಿಂದ ಎಲೆಕ್ಟ್ರಿಷಿಯನ್ ಕರೆಸಿ ಅವರ ಮಂಚದ ಪಕ್ಕಕ್ಕೆ ಒಂದು ಪ್ಲಗ್ ಎಳೆಸಿದರು. ಎರಡನೆಯ ರಾತ್ರಿ ಎರಡು ತಾಸು ಕರೆಂಟು ಇರಲಿಲ್ಲ, ಯಂತ್ರ ನಿಲ್ಲಲಿಲ್ಲ. ಮೊಬೈಲ್ ಸಿಗ್ನಲ್ ಮಾತ್ರ ಕಣದ ಒಂದು ಮೂಲೆಯಲ್ಲಿ ನಿಂತರಷ್ಟೇ ಸಿಗುತ್ತದೆ. ಮಡಿಕೇರಿಯ ದೊಡ್ಡ ಆಸ್ಪತ್ರೆ ಒಂದು ಗಂಟೆಗಿಂತ ಹೆಚ್ಚಿನ ದಾರಿ. ಹೃದಯದ ತೊಂದರೆ ಇರುವವರನ್ನು ಕರೆತರುವ ಮೊದಲು ಇದನ್ನು ಮರೆಮಾಚದೆ ಹೇಳಿಬಿಡಬೇಕು. ನಾನು ಹೇಳಿದ್ದರಿಂದ ಒಬ್ಬರು ಬರಲಿಲ್ಲ, ಅವರ ನಿರ್ಧಾರ ಸರಿಯಾಗಿತ್ತು.

ಡಿಸೆಂಬರ್ 4 ನೌಕಾಪಡೆ ದಿನ. 1971ರಲ್ಲಿ ಅದೇ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದವು. ನಮ್ಮ ಗುಂಪಿನ ಹಿರಿಯರು ಆ ಯುದ್ಧಕಾಲದಲ್ಲಿ ಮೈಸೂರು ಹಡಗಿನ ಟರೆಟ್‌ನಲ್ಲಿದ್ದವರು, ಆಗ ಅವರಿಗೆ ಇಪ್ಪತ್ತರೊಳಗಿನ ವಯಸ್ಸು. ಇಷ್ಟು ವರ್ಷ ಆ ದಿನವನ್ನು ಅವರು ತಮ್ಮ ಊರಿನಲ್ಲಿ ಒಬ್ಬರೇ ಆಚರಿಸುತ್ತಿದ್ದರಂತೆ. ಆ ಸಂಜೆ ಅವರು ಹೆಚ್ಚು ಮಾತನಾಡಿದ್ದು ಐಎನ್‌ಎಸ್ ಖುಕ್ರಿ ಹಡಗಿನ ಬಗ್ಗೆ. ಡಿಸೆಂಬರ್ 9ರ ರಾತ್ರಿ ದಿಯು ಸಮೀಪದಲ್ಲಿ ಟಾರ್ಪೆಡೊ ತಗುಲಿ ಮುಳುಗಿದ ಆ ಹಡಗಿನೊಂದಿಗೆ 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಮುಳುಗಿಹೋದವರಲ್ಲಿ ಒಬ್ಬ ನಾವಿಕ ನಮ್ಮ ಹಿರಿಯರ ಜೊತೆ ಒಂದೇ ಬ್ಯಾಚಿನಲ್ಲಿ ತರಬೇತಿ ಪಡೆದಿದ್ದವನು. ಅವನ ಹೆಸರನ್ನು ಅವರು ಮೂರು ಸಲ ಹೇಳಿದರು, ನಾವು ಕೇಳಿದೆವು. ಎರಡು ನಿಮಿಷ ಮೌನ ನಿಲ್ಲೋಣವೆಂದು ಎದ್ದಾಗ ಕಣದ ಆಚೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ಓಡುತ್ತಿತ್ತು. ಯಜಮಾನರು ಅತ್ತ ಕೈ ಮಾಡಿದರು, ಮೋಟಾರು ನಿಂತಿತು. ಅಕ್ಕ ಬಾಗಿಲಲ್ಲಿ ನಿಂತರು, ಕಣದಲ್ಲಿದ್ದ ಕೆಲಸಗಾರರೂ ಇದ್ದಲ್ಲೇ ನಿಂತರು. ಕೊಯ್ಲಿನ ಕಾಲದಲ್ಲಿ ಹಣ್ಣು ಪಲ್ಪರ್‌ಗೆ ಹಾಕಿದ ಮೇಲೆ ಯಂತ್ರ ನಿಲ್ಲಿಸುವುದು ತೋಟದವರಿಗೆ ಸಣ್ಣ ಮಾತಲ್ಲ ಎಂಬುದನ್ನು ಕೊಡಗಿನವನಾದ ನಾನು ಬಲ್ಲೆ.

ಐದನೇ ತಾರೀಕು ಮನೆಯವರೇ ಗೊತ್ತುಮಾಡಿದ ಟೆಂಪೊ ಟ್ರಾವೆಲರ್‌ನಲ್ಲಿ ಮಡಿಕೇರಿಗೆ ಹೋಗಿ, ಹಿಂದೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆಯಾದ ಸನ್ನಿ ಸೈಡ್ ನೋಡಿದೆವು. ಬಹಳ ಕಾಲ ಆರ್‌ಟಿಒ ಕಚೇರಿಯಾಗಿದ್ದ ಆ ಮನೆ 2021ರ ಫೆಬ್ರುವರಿ 6ರಂದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಂಗಳದಲ್ಲಿ ಟ್ಯಾಂಕು, ಮಿಗ್ ವಿಮಾನ ನಿಂತಿವೆ. ಚಾಲಕ ತಾಳ್ಮೆಯವನು, ನಿಧಾನವಾಗಿ ಹತ್ತಿಳಿಯುವವರನ್ನು ಅವಸರಪಡಿಸಲಿಲ್ಲ. ಒಂದು ದಿನಕ್ಕೆ ಅಷ್ಟೇ ಸಾಕು. ಅದೇ ದಿನ ಅಬ್ಬಿ ಜಲಪಾತವನ್ನೂ ಸೇರಿಸಿದ್ದು ನನ್ನ ಎಣಿಕೆಯ ತಪ್ಪು. ಅಲ್ಲಿನ ಮೆಟ್ಟಿಲು ನೋಡಿ ಅರ್ಧದಷ್ಟು ಮಂದಿ ವಾಹನದಲ್ಲೇ ಉಳಿದರು.

ವೆಚ್ಚದ ವಿವರ: ಮೂರು ಹೊತ್ತಿನ ಊಟ ಸೇರಿ ತಲೆಗೆ ದಿನಕ್ಕೆ 2,400 ರೂಪಾಯಿಯಂತೆ ಹದಿನೈದು ಮಂದಿಗೆ ಮೂರು ದಿನಕ್ಕೆ 1,08,000 ರೂಪಾಯಿ ಆಯಿತು. ಇಬ್ಬರು ಚಾಲಕರ ಊಟ ವಸತಿಗೆ ತಲಾ ದಿನಕ್ಕೆ 500 ರೂಪಾಯಿ ಬೇರೆ; ಇದನ್ನು ಮೊದಲು ಹೇಳಿರಲಿಲ್ಲ, ಕೊನೆಯಲ್ಲಿ ಬಿಲ್ಲಿನಲ್ಲಿ ಕಂಡಿತು. ಮೊತ್ತ ದೊಡ್ಡದಲ್ಲವಾದರೂ ಪಿಂಚಣಿಯಲ್ಲಿ ಸಮನಾಗಿ ಹಂಚಿಕೊಂಡು ಬಂದವರ ಲೆಕ್ಕಕ್ಕೆ ಮುಂಚೆಯೇ ತಿಳಿಸುವುದು ಉತ್ತಮ. ಎಲೆಕ್ಟ್ರಿಷಿಯನ್ ಕೂಲಿಯನ್ನು ಬಿಲ್ಲಿಗೆ ಸೇರಿಸಿರಲಿಲ್ಲ, ಒತ್ತಾಯಿಸಿದರೂ ತೆಗೆದುಕೊಳ್ಳಲಿಲ್ಲ. ಪತ್ನಿಯರು ಹೇಳಿದ ಒಂದು ಮಾತನ್ನೂ ಸೇರಿಸುತ್ತೇನೆ: ಕೂರುವ ಕೋಣೆ ಮಲಗುವ ಹಾಲ್ ಆದ ಮೇಲೆ ಅವರಿಗೆ ಬೇರೆ ಕೂರಲು ಜಾಗ ಉಳಿಯಲಿಲ್ಲ, ಅಡುಗೆಮನೆಯೇ ಅವರ ಜಗಲಿಯಾಯಿತು. ಅಕ್ಕನ ಜೊತೆಗಿನ ಹೊತ್ತು ಅವರಿಗೆ ಇಷ್ಟವಾಗಿದ್ದರೂ, ಹೆಚ್ಚು ದಂಪತಿಗಳಿರುವ ಗುಂಪಿಗೆ ಈ ಮನೆ ಚಿಕ್ಕದಾಗುತ್ತದೆ. ನನ್ನ ಅಂದಾಜಿನಲ್ಲಿ ಹನ್ನೆರಡು ಮಂದಿ ಇದರ ಮಿತಿ.

ಮುಂದಿನ ಡಿಸೆಂಬರ್ 3ರಿಂದ 7ರವರೆಗೆ ನಾನು ಆಗಲೇ ಮುಂಗಡ ಕೊಟ್ಟಿದ್ದೇನೆ. ಈ ಸಲ ನಾಲ್ಕು ರಾತ್ರಿ. ಮಂಚಗಳೆಲ್ಲ ಕೆಳಗಿನ ಹಾಲ್‌ನಲ್ಲೇ ಇರಬೇಕು, ಶೌಚಾಲಯಕ್ಕೆ ಹಿಡಿಕೆ ಹಾಕಿಸಿರಬೇಕು ಎಂದು ಒಪ್ಪಿಕೊಂಡಿದ್ದಾರೆ. ಅಡುಗೆಮನೆಯ ಚಿಲಕದ ಬಗ್ಗೆ ನಾನು ಕೇಳಲಿಲ್ಲ. ಫೋನ್ ಇಡುವ ಮೊದಲು ಅಕ್ಕನೇ, ಫ್ಲಾಸ್ಕ್ ಎರಡು ಸಾಲುವುದಿಲ್ಲ, ಇನ್ನೊಂದು ತೆಗೆದುಕೊಂಡಿದ್ದೇನೆ ಎಂದರು.